ಕಾರ್ಡ್ ಟೂರ್ನಿಗಳ ಋತು: ಬಹುಮಾನದಾಚೆಯ ಲೆಕ್ಕ

ಸಂಪಾದಕರಿಗೆ,

ಮಾನ್ಯರೆ,

ತಮ್ಮ ಪತ್ರಿಕೆಯ ಯುವಜನರ ಪುಟದಲ್ಲಿ ಈಚೆಗೆ ಪ್ರಕಟವಾದ, ಟ್ರೇಡಿಂಗ್ ಕಾರ್ಡ್ ಆಟಗಳನ್ನು, ಅಂದರೆ ಚಿತ್ರದ ಕಾರ್ಡುಗಳನ್ನು ಕೊಂಡು ಕೂಡಿಸಿ ಆಡುವ ಆಟಗಳನ್ನು, ವೃತ್ತಿಯಾಗಿ ಆಡಿ ಕೋಟಿಗಟ್ಟಲೆ ಗಳಿಸಬಹುದೆಂಬ ಅರ್ಥ ಬರುವ ಲೇಖನವನ್ನು ಓದಿ ಈ ಪತ್ರ ಬರೆಯುತ್ತಿದ್ದೇನೆ. ಇಂಥ ಆಟಗಳ ಬಗ್ಗೆ ಕನ್ನಡ ಪತ್ರಿಕೆಯೊಂದು ಬರೆದದ್ದೇ ಸಂತೋಷದ ಸಂಗತಿ, ಆ ಸಂತೋಷ ನನ್ನಲ್ಲಿ ಪೂರ್ತಿ ಇದೆ. ಆದರೆ ಲೇಖನದ ನಡುವೆ ದೊಡ್ಡ ಅಕ್ಷರದಲ್ಲಿ ಅಚ್ಚಾಗಿದ್ದ ಒಂದು ಕೋಟಿ ಡಾಲರ್ ಎಂಬ ಮೊತ್ತ 2019ನೆಯ ಒಂದೇ ಒಂದು ಋತುವಿಗೆ ಸೇರಿದ್ದು. ಆ ಋತುವಿನ ವ್ಯವಸ್ಥೆ ಹುಟ್ಟಿದ ಕೆಲವೇ ವರ್ಷಗಳಲ್ಲಿ ಮುಚ್ಚಿಹೋಯಿತು. ಅದನ್ನು ಹೇಳದೆ ಮೊತ್ತವನ್ನು ಮಾತ್ರ ಹೇಳಿದರೆ, ಪಿಯುಸಿ ಓದುತ್ತಿರುವ ಹುಡುಗನೊಬ್ಬ ಅದನ್ನು ಇಂದಿನ ಸಂಗತಿಯೆಂದೇ ತಿಳಿಯುತ್ತಾನೆ. ಅವನ ತಂದೆತಾಯಿ ಅದನ್ನು ಸುಳ್ಳೆಂದೋ ಜೂಜೆಂದೋ ತಿಳಿಯುತ್ತಾರೆ.

ನಾನು ಗಣಿತದ ನಿವೃತ್ತ ಅಧ್ಯಾಪಕ, ಚೆಸ್ ಟೂರ್ನಿಗಳಲ್ಲಿ ತೀರ್ಪುಗಾರನಾಗಿ ಬಹುಕಾಲ ಕೆಲಸ ಮಾಡಿದವನು. ಚೆಸ್ ಆಡುತ್ತಿದ್ದ ಕೆಲವು ಹುಡುಗರು ಕಾರ್ಡುಗಳ ಕಡೆ ಹೊರಳಿದ್ದರಿಂದ ನನಗೂ ಈ ಆಟದ ಪರಿಚಯವಾಯಿತು. ಲೇಖನದಲ್ಲಿ ಹೆಸರಿಸಿದ ಆಟ ‘ಮ್ಯಾಜಿಕ್: ದಿ ಗ್ಯಾದರಿಂಗ್’. ರಿಚರ್ಡ್ ಗಾರ್ಫೀಲ್ಡ್ ಎಂಬ ಅಮೆರಿಕದ ಗಣಿತಜ್ಞ ರೂಪಿಸಿದ ಈ ಆಟವನ್ನು ವಾಷಿಂಗ್ಟನ್ ರಾಜ್ಯದ ವಿಝರ್ಡ್ಸ್ ಆಫ್ ದಿ ಕೋಸ್ಟ್ ಎಂಬ ಕಂಪನಿ 1993ರಲ್ಲಿ ಹೊರತಂದಿತು. 1999ರಲ್ಲಿ ಆಟಿಕೆಗಳ ದೊಡ್ಡ ಕಂಪನಿಯಾದ ಹ್ಯಾಸ್ಬ್ರೋ ಅದನ್ನು ಕೊಂಡುಕೊಂಡಿತು. ವೃತ್ತಿಪರ ಟೂರ್ನಿಗಳ ಸರಣಿಯಾದ ಪ್ರೊ ಟೂರ್ 1996ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್‌ನಲ್ಲಿ ಆರಂಭವಾಯಿತು. ಅಂದರೆ ಈ ಆಟಕ್ಕೆ ವೃತ್ತಿಪರ ಋತುಗಳ ಇತಿಹಾಸ ಮೂರು ದಶಕಗಳದ್ದು. ನಿನ್ನೆ ಮೊನ್ನೆ ಹುಟ್ಟಿದ ಹುಚ್ಚು ಇದಲ್ಲ.

ಮೊದಲು ಒಂದು ಅನುಮಾನವನ್ನು ನಿವಾರಿಸಬೇಕು. ನಮ್ಮ ಊರುಗಳಲ್ಲಿ ಕಾರ್ಡ್ ಆಟವೆಂದರೆ ಇಸ್ಪೀಟು, ಇಸ್ಪೀಟೆಂದರೆ ಪೊಲೀಸ್ ದಾಳಿಯ ಸುದ್ದಿ ಎಂಬ ನಂಟು ಬಲವಾಗಿದೆ. ಈ ಆಟದಲ್ಲಿ ಪಣವಿಲ್ಲ. ಪ್ರತಿಯೊಬ್ಬನೂ ತಾನೇ ಆರಿಸಿ ಜೋಡಿಸಿದ, ಕನಿಷ್ಠ 60 ಕಾರ್ಡುಗಳ ಕಟ್ಟನ್ನು, ಅಂದರೆ ಡೆಕ್ ತಂದು ಎದುರಾಳಿಯೊಡನೆ ಆಡುತ್ತಾನೆ. ಟೂರ್ನಿಗೆ ಪ್ರವೇಶ ಶುಲ್ಕ ಕೊಡುತ್ತಾನೆ, ಸ್ಥಾನಕ್ಕೆ ತಕ್ಕ ಬಹುಮಾನ ಪಡೆಯುತ್ತಾನೆ. ಚೆಸ್ ಟೂರ್ನಿಯಲ್ಲಿ ಆಗುವುದೂ ಇದೇ. ನಮ್ಮ ರಾಜ್ಯ 2021ರಲ್ಲಿ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೈಕೋರ್ಟು 2022ರ ಫೆಬ್ರುವರಿಯಲ್ಲಿ ರದ್ದುಪಡಿಸಿದಾಗಲೂ, ಆನ್‌ಲೈನ್ ಆಟಗಳ ಕುರಿತು ಕೇಂದ್ರ 2025ರ ಆಗಸ್ಟ್‌ನಲ್ಲಿ ಕಾಯ್ದೆ ತಂದಾಗಲೂ ಚರ್ಚೆ ನಡೆದದ್ದು ಹಣ ಕಟ್ಟಿ ಆಡುವ ಆಟಗಳ ಸುತ್ತ. ಮೇಜಿನ ಮೇಲೆ ಕಾಗದದ ಕಾರ್ಡಿನಲ್ಲಿ ನಡೆಯುವ ಟೂರ್ನಿಯನ್ನು ಅದರೊಡನೆ ಬೆರೆಸುವುದು ಸರಿಯಲ್ಲ. ಈ ವಿಷಯ ಇಷ್ಟಕ್ಕೇ ಸಾಕು.

ಈಗ 2019ರ ಋತುವಿಗೆ ಬರುತ್ತೇನೆ, ಏಕೆಂದರೆ ಹೇಳಬೇಕಾದದ್ದರ ಬಹುಪಾಲು ಅದರಲ್ಲೇ ಇದೆ. 2018ರ ಡಿಸೆಂಬರ್‌ನಲ್ಲಿ ಕಂಪನಿ ತನ್ನ ಹಳೆಯ ಪ್ರೊ ಟೂರ್ ಹೆಸರನ್ನೂ, ವರ್ಷವಿಡೀ ಅಂಕ ಕೂಡಿಸಿ ಬೆಳ್ಳಿ, ಚಿನ್ನ, ಪ್ಲಾಟಿನಂ ದರ್ಜೆ ಪಡೆಯುವ ಆಟಗಾರರ ಕ್ಲಬ್ಬನ್ನೂ ಕೈಬಿಡುವುದಾಗಿ ಪ್ರಕಟಿಸಿತು. ಅದರ ಜಾಗದಲ್ಲಿ ಮ್ಯಾಜಿಕ್ ಪ್ರೊ ಲೀಗ್ ಬಂದಿತು. ಜಗತ್ತಿನ 32 ಅಗ್ರ ಆಟಗಾರರಿಗೆ ತಲಾ 75,000 ಡಾಲರಿನ, ಅಂದಿನ ವಿನಿಮಯ ದರದಲ್ಲಿ ಸುಮಾರು ಐವತ್ತು ಲಕ್ಷ ರೂಪಾಯಿಗಳ ಒಪ್ಪಂದ. ಋತುವಿಗೆ ಒಟ್ಟು ಒಂದು ಕೋಟಿ ಡಾಲರ್. ಕಂಪನಿಯ ಹೊಸ ಗಣಕ ರೂಪವಾದ ‘ಅರೀನಾ’ ಆಗಷ್ಟೇ ಜನರ ಕೈಗೆ ಬಂದಿತ್ತು. ನೇರಪ್ರಸಾರದಲ್ಲಿ ಲಕ್ಷಾಂತರ ಜನ ನೋಡುವ ಗಣಕ ಕ್ರೀಡೆಗಳ ಸಾಲಿಗೆ ಈ ಆಟವನ್ನೂ ಸೇರಿಸಬೇಕೆಂಬ ಆಸೆ ಆ ಘೋಷಣೆಯ ಹಿಂದಿತ್ತು. ಆಸೆ ತಪ್ಪಲ್ಲ. ಆದರೆ ಸಂಬಳ ಬರುತ್ತಿದ್ದದ್ದು ಪ್ರೇಕ್ಷಕರ ಟಿಕೆಟ್ಟಿನಿಂದಲೂ ಅಲ್ಲ, ಪ್ರಸಾರದ ಹಕ್ಕಿನಿಂದಲೂ ಅಲ್ಲ, ಕಾರ್ಡು ಮಾರುವ ಕಂಪನಿಯ ಕೈಯಿಂದ ಎಂಬುದನ್ನು ಆಗ ಹೆಚ್ಚು ಜನ ಗಮನಕ್ಕೆ ತೆಗೆದುಕೊಳ್ಳಲಿಲ್ಲ.

ಆ ಋತುವಿನಲ್ಲಿ ಪ್ರೊ ಟೂರ್‌ಗಳ ಬದಲಿಗೆ ಬಂದ ಏಳು ‘ಮಿಥಿಕ್ ಚಾಂಪಿಯನ್‌ಶಿಪ್’ಗಳು ನಡೆದವು, ನಾಲ್ಕು ಮೇಜಿನ ಮೇಲೆ, ಮೂರು ಗಣಕದ ಮೇಲೆ. ಕ್ಲೀವ್‌ಲ್ಯಾಂಡ್‌ನಲ್ಲಿ ಇಂಗ್ಲೆಂಡಿನ ಆಟಂ ಬರ್ಚೆಟ್, ಲಂಡನ್ನಿನಲ್ಲಿ ಈಲೈ ಲವ್‌ಮನ್, ಲಾಸ್ ವೇಗಸ್‌ನಲ್ಲಿ ಅರ್ಜೆಂಟೀನಾದ ಮಟಿಯಾಸ್ ಲೆವೆರಾಟೊ, ಬಾರ್ಸಿಲೋನಾದಲ್ಲಿ ಜರ್ಮನಿಯ ಥೊರಾಲ್ಫ್ ಸೆವೆರಿನ್, ಲಾಂಗ್ ಬೀಚ್‌ನಲ್ಲಿ ಸ್ಪೇನಿನ ಹಾವಿಯೆರ್ ಡೊಮಿಂಗೆಸ್, ರಿಚ್ಮಂಡ್‌ನಲ್ಲಿ ಝೆಕ್ ದೇಶದ ಒಂಡ್ರೇ ಸ್ಟ್ರಾಸ್ಕಿ, ಡಿಸೆಂಬರ್‌ನಲ್ಲಿ ಮತ್ತೆ ಲಾಂಗ್ ಬೀಚ್‌ನಲ್ಲಿ ಪೋಲೆಂಡಿನ ಪಿಯೊಟರ್ ಗ್ಲೊಗೊವ್ಸ್ಕಿ ಗೆದ್ದರು. ಏಳು ಟೂರ್ನಿ, ಏಳು ಬೇರೆ ಬೇರೆ ವಿಜೇತರು. ಈ ಸಾಲನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಅದರ ಗಣಿತವನ್ನು ಮುಂದೆ ಹೇಳುತ್ತೇನೆ.

ಚೆಸ್ ತೀರ್ಪುಗಾರನಿಗೆ ಆ ಋತುವಿನಲ್ಲಿ ಅಚ್ಚರಿ ಹುಟ್ಟಿಸುವುದು ವಿಜೇತರಲ್ಲ, ನಿಯಮಗಳು. ಪಂದ್ಯದ ಆರಂಭದಲ್ಲಿ ಏಳು ಕಾರ್ಡು ಕೈಗೆ ಬರುತ್ತವೆ. ಅವು ಕೆಲಸಕ್ಕೆ ಬಾರದವಾದರೆ ಹಿಂದಕ್ಕೆ ಕಲೆಸಿ ಹೊಸ ಕೈ ಪಡೆಯಬಹುದು, ಆದರೆ ಪ್ರತಿ ಸಲವೂ ಒಂದು ಕಾರ್ಡು ಕಡಿಮೆ. 2019ರ ಏಪ್ರಿಲ್‌ನ ಲಂಡನ್ ಟೂರ್ನಿಯಲ್ಲಿ ಈ ನಿಯಮವನ್ನೇ ಬದಲಿಸಿ ನೋಡಲಾಯಿತು: ಪ್ರತಿ ಸಲವೂ ಏಳು ಕಾರ್ಡು ತೆಗೆದು, ಕಳೆದುಕೊಳ್ಳಬೇಕಾದಷ್ಟನ್ನು ತಾನೇ ಆರಿಸಿ ಡೆಕ್ಕಿನ ತಳಕ್ಕೆ ಇಡಬೇಕು. ಜುಲೈ ಹೊತ್ತಿಗೆ ಅದು ಆಟದ ಎಲ್ಲ ಹಂತಗಳಿಗೂ ಅನ್ವಯವಾಗುವ ನಿಯಮವಾಯಿತು. ನಿಯಮ ಒಳ್ಳೆಯದೇ, ಅದೃಷ್ಟದ ಪಾಲನ್ನು ತುಸು ತಗ್ಗಿಸಿತು. ಆದರೆ ಲಕ್ಷಾಂತರ ಡಾಲರಿನ ಬಹುಮಾನವಿರುವ ಟೂರ್ನಿಯೇ ಪ್ರಯೋಗಶಾಲೆಯಾಗುವುದು ಬೇರೆ ಕ್ರೀಡೆಗಳಲ್ಲಿ ಅಷ್ಟು ಸುಲಭವಾಗಿ ನಡೆಯುವ ಮಾತಲ್ಲ.

ಅದಕ್ಕಿಂತ ದೊಡ್ಡದು ನಿಷೇಧಗಳ ಕಥೆ. ಜುಲೈನ ಬಾರ್ಸಿಲೋನಾ ಟೂರ್ನಿಯಲ್ಲಿ ‘ಹೊಗಾಕ್’ ಎಂಬ ಕಾರ್ಡಿನ ಸುತ್ತ ಕಟ್ಟಿದ ಡೆಕ್ ಎಲ್ಲಕ್ಕಿಂತ ಹೆಚ್ಚು ಜನರ ಕೈಯಲ್ಲಿತ್ತು. ಮುಂದಿನ ತಿಂಗಳ ಕೊನೆಗೆ ಆ ಕಾರ್ಡು ನಿಷೇಧವಾಯಿತು. ಅಕ್ಟೋಬರ್‌ನ ಲಾಂಗ್ ಬೀಚ್ ಟೂರ್ನಿ ಭಾನುವಾರ ಮುಗಿದರೆ, ಸೋಮವಾರವೇ ‘ಫೀಲ್ಡ್ ಆಫ್ ದಿ ಡೆಡ್’ ಎಂಬ ಕಾರ್ಡನ್ನು ತೆಗೆದರು. ಮೂರು ವಾರ ಕಳೆದು ರಿಚ್ಮಂಡ್‌ನಲ್ಲಿ ಸೇರಿದಾಗ, ಆಗಷ್ಟೇ ಮಾರುಕಟ್ಟೆಗೆ ಬಂದಿದ್ದ ‘ಓಕೊ’ ಎಂಬ ಕಾರ್ಡು ಮೂರನೇ ಎರಡು ಪಾಲು ಡೆಕ್ಕುಗಳಲ್ಲಿತ್ತು. ಎದುರಾಳಿಯ ಅತ್ಯುತ್ತಮ ಕಾರ್ಡನ್ನು ಯಾವ ವಿಶೇಷ ಸಾಮರ್ಥ್ಯವೂ ಇಲ್ಲದ ಒಂದು ಜಿಂಕೆಯಾಗಿಸಿಬಿಡುವುದು ಅದರ ಕೆಲಸ. ಆ ವಾರಾಂತ್ಯದ ಪಂದ್ಯಗಳನ್ನು ನೋಡಿದವರಿಗೆ ಮೇಜಿನ ತುಂಬ ಜಿಂಕೆಗಳೇ ಕಂಡಿರಬೇಕು. ಟೂರ್ನಿ ಮುಗಿದ ಎಂಟನೆಯ ದಿನ ಅದಕ್ಕೂ ನಿಷೇಧ ಬಂದಿತು. ಚೆಸ್ಸಿನಲ್ಲಿ ಆನೆಯ ಬಲ ಹೆಚ್ಚಾಯಿತೆಂದು ಋತುವಿನ ನಡುವೆ ಪಟದಿಂದ ಆನೆಯನ್ನೇ ತೆಗೆದಂತಾಯಿತು ಇದು. ತೆಗೆಯದಿದ್ದರೆ ಆಟ ಕೆಡುತ್ತಿತ್ತು ಎಂಬುದನ್ನು ಒಪ್ಪುತ್ತೇನೆ. ಆದರೆ ಕಾರ್ಡನ್ನು ಮುದ್ರಿಸಿದವರು, ಮಾರಿದವರು, ನಿಯಮ ಬರೆದವರು, ನಿಷೇಧಿಸಿದವರು, ಬಹುಮಾನ ಕೊಟ್ಟವರು ಎಲ್ಲರೂ ಒಬ್ಬರೇ. ಆಟಗಾರರಿಗೆ ಇಲ್ಲಿ ಮೇಲ್ಮನವಿ ಸಲ್ಲಿಸಲು, ಚೆಸ್ಸಿನ ಅಂತರರಾಷ್ಟ್ರೀಯ ಒಕ್ಕೂಟವಾದ ಫಿಡೆಯಂಥ ಬೇರೊಂದು ಒಕ್ಕೂಟವಿಲ್ಲ.

ಮೇಲ್ಮನವಿ ಇಲ್ಲವೆಂದರೆ ಆಟಗಾರರು ಬಾಯಿಮುಚ್ಚಿ ಕುಳಿತಿದ್ದರೆಂದು ಅರ್ಥವಲ್ಲ. 2016ರ ಏಪ್ರಿಲ್‌ನಲ್ಲಿ ಪ್ಲಾಟಿನಂ ದರ್ಜೆಯವರಿಗೆ ಪ್ರತಿ ಪ್ರೊ ಟೂರ್‌ಗೆ ಹಾಜರಾದಾಗ ಸಿಗುತ್ತಿದ್ದ 3,000 ಡಾಲರ್ ಭತ್ಯೆಯನ್ನು ಮುಂದಿನ ಋತುವಿನಿಂದ 250ಕ್ಕೆ ಇಳಿಸುವುದಾಗಿ ಕಂಪನಿ ಹೇಳಿತು. ಆ ದರ್ಜೆಗಾಗಿ ವರ್ಷವಿಡೀ ಸ್ವಂತ ಖರ್ಚಿನಲ್ಲಿ ದೇಶದೇಶ ಸುತ್ತಿದ್ದ ಆಟಗಾರರು ಎಷ್ಟು ಜೋರಾಗಿ ಪ್ರತಿಭಟಿಸಿದರೆಂದರೆ ಕೆಲವೇ ದಿನಗಳಲ್ಲಿ ಆ ತೀರ್ಮಾನ ಹಿಂದಕ್ಕೆ ಹೋಯಿತು. 2018ರಲ್ಲಿ ಜೆರ್ರಿ ಥಾಂಪ್ಸನ್ ಎಂಬ ಹಿರಿಯ ಆಟಗಾರ, ಕಂಪನಿ ಆಟಗಾರರನ್ನು ನಡೆಸಿಕೊಳ್ಳುವ ರೀತಿಯನ್ನು ಪ್ರತಿಭಟಿಸಿ, ಅರ್ಹತೆ ಗಳಿಸಿದ್ದ ವಿಶ್ವ ಚಾಂಪಿಯನ್‌ಶಿಪ್‌ನಲ್ಲೇ ಆಡಲಿಲ್ಲ. ಮರುವರ್ಷ 75,000 ಡಾಲರಿನ ಲೀಗ್ ಸ್ಥಾನ ಸಿಕ್ಕಾಗ ಸೇರಿದ ಆತ ಋತುವಿನ ನಡುವೆಯೇ ಅದನ್ನೂ ಬಿಟ್ಟು ಹೊರಬಂದ. ಆಟಗಾರರ ಕಡೆಯೂ ಎಲ್ಲವೂ ನೆಟ್ಟಗಿರಲಿಲ್ಲ: ಜಪಾನಿನ ಯುಯಾ ವಾಟನಾಬೆ, ಆಟದ ಸಾರ್ವಕಾಲಿಕ ಶ್ರೇಷ್ಠರಲ್ಲಿ ಒಬ್ಬನೆಂದು ಎಣಿಕೆಯಾಗಿದ್ದವನು, ಲಂಡನ್ ಟೂರ್ನಿಯಲ್ಲಿ ಕಾರ್ಡಿನ ಪ್ಲಾಸ್ಟಿಕ್ ಕವಚಗಳ ಮೇಲೆ ಗುರುತುಗಳಿದ್ದ ಕಾರಣಕ್ಕೆ ಅನರ್ಹನಾದ, ಅಮಾನತಿನ ಜೊತೆಗೆ ಲೀಗಿನ ಸ್ಥಾನವೂ ಶ್ರೇಷ್ಠ ಆಟಗಾರರ ಗೌರವ ಪಟ್ಟಿಯಲ್ಲಿನ (ಹಾಲ್ ಆಫ್ ಫೇಮ್) ಹೆಸರೂ ಹೋದವು. ಹಣ ದೊಡ್ಡದಾದಾಗ ತೀರ್ಪುಗಾರರ ಕೆಲಸ ಎಷ್ಟು ಬಿಗಿಯಾಗಬೇಕಾಗುತ್ತದೆ ಎಂಬುದು ನಮ್ಮ ಕಸುಬಿನವರಿಗೆ ಗೊತ್ತು. ಮ್ಯಾಜಿಕ್ ತೀರ್ಪುಗಾರರ ಶ್ರಮಕ್ಕೆ ಪತ್ರಿಕೆಗಳಲ್ಲಿ ಒಂದು ಸಾಲೂ ಸಿಗುವುದಿಲ್ಲವೆಂಬ ಸಣ್ಣ ಅಸಮಾಧಾನವನ್ನು ಇಲ್ಲಿ ದಾಖಲಿಸಿ ಮುಂದೆ ಹೋಗುತ್ತೇನೆ.

ಋತುವಿನ ಕೊನೆಯ ಅಂಕ 2020ರ ಫೆಬ್ರುವರಿಯಲ್ಲಿ ಹೊನೊಲುಲುವಿನಲ್ಲಿ ನಡೆಯಿತು. ಹದಿನಾರು ಆಟಗಾರರು, ಹತ್ತು ಲಕ್ಷ ಡಾಲರ್; ಫೈನಲ್‌ನಲ್ಲಿ ಪೋರ್ಚುಗಲ್‌ನ ಮಾರ್ಸಿಯೊ ಕಾರ್ವಾಲ್ಯೊ ಅವರನ್ನು ಸೋಲಿಸಿ ಬ್ರೆಜಿಲ್‌ನ ಪೌಲೊ ವಿಟರ್ ಡಾಮೊ ಡ ರೋಸ 3,00,000 ಡಾಲರ್ ಪಡೆದರು. ಮುಂದಿನ ತಿಂಗಳು ಕೋವಿಡ್ ಜಗತ್ತಿನ ಎಲ್ಲ ಮೇಜುಗಳನ್ನೂ ಖಾಲಿ ಮಾಡಿತು. ಟೂರ್ನಿಗಳು ಗಣಕಕ್ಕೆ ಸ್ಥಳಾಂತರವಾದವು, ಲೀಗಿನ ಕೆಳಗೆ ಇನ್ನೊಂದು ಲೀಗ್ ಸೇರಿತು, ಮೇಲೇರುವ ಕೆಳಗಿಳಿಯುವ ನಿಯಮಗಳು ಜಟಿಲವಾದವು. 2021ರ ಮೇ ತಿಂಗಳಲ್ಲಿ ಲೀಗ್‌ಗಳನ್ನೇ ನಿಲ್ಲಿಸುವುದಾಗಿ ಕಂಪನಿ ಪ್ರಕಟಿಸಿತು. ಸಂಬಳದ ಆಟಗಾರ ಎಂಬ ಕಲ್ಪನೆ ಅಲ್ಲಿಗೆ ಮುಗಿಯಿತು. ಎಲ್ಲದಕ್ಕೂ ಕೋವಿಡ್ಡನ್ನೇ ದೂರುವವರಿದ್ದಾರೆ, ನಾನು ಅವರನ್ನು ಪೂರ್ತಿ ಒಪ್ಪುವುದಿಲ್ಲ. ಅದೇ ವರ್ಷಗಳಲ್ಲಿ ಚೆಸ್ ಕೂಡ ಗಣಕಕ್ಕೆ ಹೋಯಿತು, ಆದರೆ ಮರಳಿ ಬಂದಾಗ ಅದರ ಏಣಿಯ ಮೆಟ್ಟಿಲುಗಳು ಇದ್ದಲ್ಲೇ ಇದ್ದವು. ಇಲ್ಲಿ ಏಣಿಯೇ ಬೇರೆಯಾಗಿತ್ತು.

ಈಗ ಗಣಿತ. ಚೆಸ್ಸಿನಲ್ಲಿ ಇಬ್ಬರ ನಡುವೆ 200 ರೇಟಿಂಗ್ ಅಂಕಗಳ ಅಂತರವಿದ್ದರೆ ಬಲಿಷ್ಠನಿಗೆ ನೂರಕ್ಕೆ 76ರಷ್ಟು ಅಂಕದ ನಿರೀಕ್ಷೆಯಿರುತ್ತದೆ. ಮ್ಯಾಜಿಕ್‌ನಲ್ಲಿ ಕಾರ್ಡು ಕಲೆಸುವುದರ ಅದೃಷ್ಟ ಇರುವುದರಿಂದ, ಪ್ರೊ ಟೂರ್ ಮಟ್ಟದಲ್ಲಿ ಅತ್ಯುತ್ತಮರೂ ದೀರ್ಘಕಾಲದಲ್ಲಿ ಹತ್ತು ಪಂದ್ಯಗಳಲ್ಲಿ ಆರನ್ನು ಅಥವಾ ಅದಕ್ಕಿಂತ ತುಸು ಹೆಚ್ಚನ್ನು ಗೆಲ್ಲುತ್ತಾರೆ ಅಷ್ಟೇ. ನೂರಕ್ಕೆ 60 ಗೆಲ್ಲುವ ಆಟಗಾರನೊಬ್ಬನನ್ನು ತೆಗೆದುಕೊಳ್ಳೋಣ. ಪ್ರೊ ಟೂರ್‌ನಲ್ಲಿ ಎರಡು ದಿನ ಸ್ವಿಸ್ ಪದ್ಧತಿಯ (ಯಾರನ್ನೂ ಹೊರಹಾಕದೆ, ಸಮಾನ ಅಂಕದವರನ್ನು ಎದುರುಬದುರಾಗಿಸುವ) 16 ಸುತ್ತುಗಳು, ಮೂರನೆಯ ದಿನ ಕೊನೆಯ ಎಂಟರ ನಾಕೌಟ್. ಹದಿನಾರರಲ್ಲಿ 12 ಅಥವಾ ಹೆಚ್ಚು ಗೆದ್ದರೆ ಕೊನೆಯ ಎಂಟರ ಹೊಸ್ತಿಲಿಗೆ ಬಂದಂತೆ. ಅದಾಗುವ ಸಂಭವ ಆರಕ್ಕೆ ಒಂದು. ಅಲ್ಲಿಂದ ಮೂರು ಪಂದ್ಯಗಳನ್ನು ಸತತ ಗೆಲ್ಲುವ ಸಂಭವ ಐದಕ್ಕೆ ಒಂದಕ್ಕಿಂತ ತುಸು ಹೆಚ್ಚು. ಎರಡನ್ನೂ ಗುಣಿಸಿದರೆ ಸುಮಾರು 28 ಟೂರ್ನಿಗೆ ಒಂದು ಪ್ರಶಸ್ತಿ. ವರ್ಷಕ್ಕೆ ಮೂರು ಪ್ರೊ ಟೂರ್‌ಗಳಂತೆ, ಒಂದನ್ನೂ ತಪ್ಪಿಸಿಕೊಳ್ಳದೆ ಆಡಿದರೂ ಒಂಬತ್ತು ವರ್ಷಕ್ಕೊಂದು. ಇದು ಸ್ಥೂಲ ಲೆಕ್ಕವೇ ಹೌದು, ಆದರೆ 2019ರ ಏಳು ಟೂರ್ನಿಗೆ ಏಳು ವಿಜೇತರು ಏಕೆಂಬುದನ್ನು ಅದು ವಿವರಿಸುತ್ತದೆ. 2019ರಲ್ಲೇ ಗೌರವ ಪಟ್ಟಿ ಸೇರಿದ ರೀಡ್ ಡ್ಯೂಕ್‌ನಂಥ ಶ್ರೇಷ್ಠ ಆಟಗಾರ ತನ್ನ ಮೊದಲ ಪ್ರೊ ಟೂರ್ ಗೆದ್ದದ್ದು 2023ರ ಫೆಬ್ರುವರಿಯಲ್ಲಿ. ಇನ್ನೊಂದು ಕಡೆ, ಜರ್ಮನಿಯ ಕೈ ಬುಡ್ಡೆ 1999 ಮತ್ತು 2003ರ ನಡುವೆ, ತಂಡದ ಟೂರ್ನಿಗಳೂ ಸೇರಿ, ಏಳು ಗೆದ್ದರು. ಈ ಲೆಕ್ಕ ಗೊತ್ತಿಲ್ಲದವನಿಗೆ ಆ ಏಳು ಕೇವಲ ಒಂದು ಸಂಖ್ಯೆ. ಗೊತ್ತಿದ್ದವನಿಗೆ ನಂಬಲಾಗದ ಸಂಗತಿ. ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಪಾರಿತೋಷಕಕ್ಕೆ 2024ರಲ್ಲಿ ಅವರ ಹೆಸರಿಟ್ಟದ್ದು ಸುಮ್ಮನೆ ಅಲ್ಲ.

ಋತು ಎಂಬ ವ್ಯವಸ್ಥೆ ಬೇಕಾದದ್ದೂ ಈ ಕಾರಣಕ್ಕೇ. ಒಂದು ಟೂರ್ನಿಯ ಫಲಿತಾಂಶದಿಂದ ಯಾರು ಉತ್ತಮರೆಂದು ಹೇಳಲಾಗದು, ವರ್ಷದ ಒಟ್ಟು ಪಂದ್ಯಗಳಿಂದ ಸ್ವಲ್ಪ ಮಟ್ಟಿಗೆ ಹೇಳಬಹುದು. ಆದರೆ ವರ್ಷವನ್ನು ಅಳೆಯುವುದು ಹೇಗೆ? ಕಂಪನಿ ಇದರಲ್ಲಿ ಹಲವು ದಾರಿ ತುಳಿದಿದೆ. 2011ರವರೆಗೆ ಚೆಸ್ಸಿನಂತೆ, ಗೆಲುವು ಸೋಲಿಗೆ ತಕ್ಕಂತೆ ಏರಿಳಿಯುವ ಎಲೋ ರೇಟಿಂಗ್ ಇತ್ತು. ರೇಟಿಂಗಿನ ಮೇಲೆ ಆಹ್ವಾನ ಸಿಗುತ್ತಿದ್ದುದರಿಂದ, ಒಳ್ಳೆಯ ಅಂಕ ಬಂದವರು ಅದು ಇಳಿಯದಿರಲೆಂದು ಆಡುವುದನ್ನೇ ನಿಲ್ಲಿಸುತ್ತಿದ್ದರು. ನಮ್ಮ ಚೆಸ್ ವಲಯದಲ್ಲೂ ಈ ಜಾಣರಿದ್ದಾರೆ. ಅದನ್ನು ತೆಗೆದು, ಹೆಚ್ಚು ಆಡಿದಷ್ಟೂ ಹೆಚ್ಚು ಕೂಡುವ ಅಂಕಗಳನ್ನು ತಂದರು. ಆಗ ಪ್ರತಿ ವಾರಾಂತ್ಯ ವಿಮಾನ ಹತ್ತುವ ಶಕ್ತಿಯಿದ್ದವರಿಗೆ ಅನುಕೂಲವಾಗಿ, ಉಳಿದವರು ಸುಸ್ತಾದರು. ಕೆಲವು ತಿಂಗಳಲ್ಲೇ ಅದನ್ನೂ ತಿದ್ದಬೇಕಾಯಿತು. ಆಡದವನಿಗೆ ಲಾಭವಾಗಬಾರದು, ಅತಿಯಾಗಿ ಆಡುವಂತೆ ಒತ್ತಾಯವೂ ಆಗಬಾರದು. ಈ ಎರಡರ ನಡುವಿನ ದಾರಿ ಇನ್ನೂ ಪೂರ್ತಿ ಸಿಕ್ಕಿಲ್ಲವೆಂದೇ ನನ್ನ ಅಭಿಪ್ರಾಯ.

ಲೇಖನದಲ್ಲಿ ಬರಬೇಕಾಗಿದ್ದದ್ದು ಈಚಿನ ಋತುಗಳ ಚಿತ್ರ. 2023ರ ಫೆಬ್ರುವರಿಯಲ್ಲಿ ಫಿಲಡೆಲ್ಫಿಯಾದಲ್ಲಿ ಪ್ರೊ ಟೂರ್ ಹಳೆಯ ಹೆಸರಿನಲ್ಲೇ ಮರಳಿತು. ಊರಿನ ಅಂಗಡಿಯಲ್ಲಿ ನಡೆಯುವ ಅರ್ಹತಾ ಟೂರ್ನಿ, ಅಲ್ಲಿಂದ ಪ್ರಾದೇಶಿಕ ಚಾಂಪಿಯನ್‌ಶಿಪ್, ಅಲ್ಲಿಂದ ಪ್ರೊ ಟೂರ್, ಕೊನೆಗೆ ವಿಶ್ವ ಚಾಂಪಿಯನ್‌ಶಿಪ್ ಎಂಬುದು ಈಗಿನ ಏಣಿ. 2024ರಲ್ಲಿ ಶಿಕಾಗೋದಲ್ಲಿ ಸೆತ್ ಮ್ಯಾನ್‌ಫೀಲ್ಡ್, ಸಿಯಾಟಲ್‌ನಲ್ಲಿ ಜಪಾನಿನ ಯೊಶಿಹಿಕೊ ಇಕಾವ, ಆಮ್‌ಸ್ಟರ್‌ಡಾಮ್‌ನಲ್ಲಿ ಡೆನ್ಮಾರ್ಕ್‌ನ ಸೈಮನ್ ನೀಲ್ಸನ್, ಅಕ್ಟೋಬರ್‌ನಲ್ಲಿ ಲಾಸ್ ವೇಗಸ್‌ನ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಎರಡನೆಯ ಸಲ ಹಾವಿಯೆರ್ ಡೊಮಿಂಗೆಸ್ ಗೆದ್ದರು. ಆ ವರ್ಷ ಪ್ರತಿ ಪ್ರೊ ಟೂರ್‌ಗೆ 5 ಲಕ್ಷ ಡಾಲರ್, ಅದರಲ್ಲಿ ಮೊದಲ ಬಹುಮಾನ 50,000. ವಿಶ್ವ ಚಾಂಪಿಯನ್‌ಶಿಪ್‌ಗೆ 10 ಲಕ್ಷ, ವಿಜೇತನಿಗೆ ಒಂದು ಲಕ್ಷ. ಕೂಡಿದರೆ 25 ಲಕ್ಷ ಡಾಲರ್, ಅಂದರೆ ತಾವು ಅಚ್ಚು ಮಾಡಿದ ಮೊತ್ತದ ಕಾಲು ಪಾಲು. ಪ್ರಾದೇಶಿಕ ಟೂರ್ನಿಗಳ ಬಹುಮಾನ ಬೇರೆ ಇದೆ, ನಿಜ. ಆದರೆ ಒಂದು ಪ್ರೊ ಟೂರ್‌ಗೆ ಇನ್ನೂರಕ್ಕೂ ಹೆಚ್ಚು ಜನ ಬರುತ್ತಾರೆ. 5 ಲಕ್ಷವನ್ನು ಸಮವಾಗಿ ಹಂಚಿದರೂ ತಲೆಗೆ ಎರಡೂವರೆ ಸಾವಿರ ಡಾಲರಿಗಿಂತ ಕಡಿಮೆ. ಬೆಂಗಳೂರಿನಿಂದ ಶಿಕಾಗೋಗೆ ಹೋಗಿಬರುವ ವಿಮಾನದ ದರ, ಹೋಟೆಲು, ವೀಸಾ ಶುಲ್ಕವನ್ನು ಇದರಿಂದ ಕಳೆದರೆ ಕೈಯಲ್ಲಿ ಉಳಿಯುವುದು ಎಷ್ಟೆಂದು ಯಾರು ಬೇಕಾದರೂ ಎಣಿಸಬಹುದು.

ಬಹುಮಾನ ಹೋಗಲಿ, ಏಣಿಯ ಮೇಲೆ ನಿಲ್ಲುವುದೇ ಕಷ್ಟ. ಹೊಸ ವ್ಯವಸ್ಥೆಯಲ್ಲಿ 16 ಸುತ್ತುಗಳಲ್ಲಿ 10 ಗೆದ್ದವನಿಗೆ ಮುಂದಿನ ಪ್ರೊ ಟೂರ್‌ಗೆ ನೇರ ಆಹ್ವಾನ ಸಿಗುತ್ತಿತ್ತು. ಮೇಲೆ ಹೇಳಿದ ನೂರಕ್ಕೆ 60ರ ಆಟಗಾರ ಆ ಹತ್ತನ್ನು ಮುಟ್ಟುವ ಸಂಭವ ಅರ್ಧಕ್ಕಿಂತ ತುಸುವೇ ಹೆಚ್ಚು. ಅಂದರೆ ಜಗತ್ತಿನ ಅತ್ಯುತ್ತಮರ ಮಟ್ಟದಲ್ಲಿರುವವನಿಗೂ ಪ್ರತಿ ನಾಲ್ಕು ತಿಂಗಳಿಗೊಮ್ಮೆ ನಾಣ್ಯ ಚಿಮ್ಮಿ ಕೆಲಸ ಉಳಿಯಿತೋ ಹೋಯಿತೋ ನೋಡುವ ಪರಿಸ್ಥಿತಿ. ಇದನ್ನು ಯಾವ ಕುಟುಂಬವೂ ಉದ್ಯೋಗವೆಂದು ಕರೆಯುವುದಿಲ್ಲ. ಹೆಸರುವಾಸಿ ಆಟಗಾರರಲ್ಲಿ ಬಹಳ ಮಂದಿ ಲೇಖನ ಬರೆದು, ಪಂದ್ಯಗಳನ್ನು ನೇರಪ್ರಸಾರ ಮಾಡಿ, ಪಾಠ ಹೇಳಿ, ಆಟಗಳನ್ನು ವಿನ್ಯಾಸ ಮಾಡುವ ಕೆಲಸ ಹಿಡಿದು ಬದುಕುತ್ತಾರೆ. ಟೂರ್ನಿಯ ಹಣ ಅದರ ಮೇಲಿನ ಲಾಭ.

ಖರ್ಚಿನ ಮಾತೂ ಇದೆ. ಟೂರ್ನಿಗೆ ತಕ್ಕ ಒಂದು ಡೆಕ್‌ಗೆ ನೂರಾರು ಡಾಲರ್ ಬೀಳುತ್ತದೆ, ಮತ್ತು ನಿಷೇಧದ ಒಂದು ಪ್ರಕಟಣೆ ಬಂದರೆ ಅದರ ಬೆಲೆ ಒಂದೇ ದಿನದಲ್ಲಿ ಕುಸಿಯುತ್ತದೆ. ಬೆಂಗಳೂರಿನ ಕೆಲವು ಅಂಗಡಿಗಳಲ್ಲಿ ವಾರಾಂತ್ಯದಲ್ಲಿ ಆಟಗಾರರು ಸೇರುತ್ತಾರೆ, ಅದು ಸಂತೋಷ. ಆದರೆ ಅಮೆರಿಕ, ಜಪಾನ್, ಯುರೋಪ್‌ಗಳಲ್ಲಿ ವಾರಕ್ಕೊಂದು ಅರ್ಹತಾ ಟೂರ್ನಿಯನ್ನು ಬಸ್ಸಿನಲ್ಲೇ ಹೋಗಿ ಆಡಿಬರಬಲ್ಲ ಹುಡುಗನಿಗೂ ನಮ್ಮ ಹುಡುಗನಿಗೂ ಇರುವ ಅಂತರ ಪ್ರತಿಭೆಯದ್ದಲ್ಲ, ಅವಕಾಶಗಳ ಸಂಖ್ಯೆಯದ್ದು. ಅದೃಷ್ಟ ಬೆರೆತ ಆಟದಲ್ಲಿ ಅವಕಾಶಗಳ ಸಂಖ್ಯೆಯೇ ಮುಖ್ಯ ಎಂಬುದನ್ನು ಮೇಲಿನ ಲೆಕ್ಕ ಹೇಳುತ್ತದೆ. ಬೇರೆ ಕಾರ್ಡ್ ಆಟಗಳು ಇಷ್ಟು ದೊಡ್ಡ ಮಾತನ್ನೇ ಆಡಲಿಲ್ಲ. ಯು-ಗಿ-ಓ ಆಟದ ಅಧಿಕೃತ ಟೂರ್ನಿಗಳಲ್ಲಿ ನಗದು ಬಹುಮಾನ ಕೊಡುವ ಪದ್ಧತಿಯಿಲ್ಲ. ಪೋಕೆಮಾನ್ ಮಕ್ಕಳಿಗೆ, ಹದಿಹರೆಯದವರಿಗೆ, ದೊಡ್ಡವರಿಗೆ ಬೇರೆ ಬೇರೆ ವಿಭಾಗವಿಟ್ಟು, ಋತುವಿಡೀ ಕೂಡಿಸಿದ ಅಂಕಗಳ ಮೇಲೆ ಆಗಸ್ಟ್‌ನ ವಿಶ್ವ ಚಾಂಪಿಯನ್‌ಶಿಪ್‌ಗೆ ಕರೆಯುತ್ತದೆ. ಸಂಬಳದ ಲೀಗ್ ಕಟ್ಟದ ಕಾರಣ ಅವುಗಳಿಗೆ ಕಳಚುವ ಪ್ರಮೇಯವೂ ಬರಲಿಲ್ಲ.

ಇಷ್ಟೆಲ್ಲ ಹೇಳಿದ್ದು ಆಟವನ್ನು ಹೀಗಳೆಯಲಿಕ್ಕಲ್ಲ. ಪ್ರೊ ಟೂರ್‌ನ ಎರಡೂ ದಿನ ಬೆಳಗಿನ ಮೂರು ಸುತ್ತುಗಳಿಗೆ ‘ಡ್ರಾಫ್ಟ್’ ಇರುತ್ತದೆ: ಎಂಟು ಜನ ಸುತ್ತ ಕುಳಿತು, ಒಡೆಯದ ಪೊಟ್ಟಣಗಳನ್ನು ಒಡೆದು, ಒಂದೊಂದು ಕಾರ್ಡು ಆರಿಸಿಕೊಂಡು ಉಳಿದದ್ದನ್ನು ಪಕ್ಕದವನಿಗೆ ದಾಟಿಸುತ್ತಾರೆ. ಪಕ್ಕದವನು ಏನನ್ನು ಕೈಬಿಟ್ಟನೆಂಬುದರಿಂದ ಅವನು ಏನನ್ನು ಕಟ್ಟುತ್ತಿದ್ದಾನೆಂದು ಊಹಿಸಿ, ಹಾಗೆ ಸಿಕ್ಕಿದ್ದರಲ್ಲೇ 40 ಕಾರ್ಡಿನ ಡೆಕ್ ಕಟ್ಟಿ ಆಡಬೇಕು. ಮಧ್ಯಾಹ್ನ, ತಿಂಗಳುಗಟ್ಟಲೆ ತಂಡದೊಡನೆ ಅಭ್ಯಾಸ ಮಾಡಿ ತಂದ ಸ್ವಂತ ಡೆಕ್ಕಿನ ಐದು ಸುತ್ತು. ನೂರಾರು ಮಂದಿ ಎದುರಾಳಿಗಳು ಯಾವ ಡೆಕ್ ತರಬಹುದೆಂದು ಮೊದಲೇ ಅಂದಾಜು ಮಾಡಿ, ಅದಕ್ಕೆ ಪ್ರತಿಯಾಗಿ ತನ್ನದನ್ನು ಆರಿಸುವ ಈ ತಯಾರಿ ಚೆಸ್ಸಿನ ಆರಂಭದ ನಡೆಗಳ ತಯಾರಿಗಿಂತ ಒಂದು ವಿಷಯದಲ್ಲಿ ಕಠಿಣ, ಏಕೆಂದರೆ ಹೊಸ ಕಾರ್ಡುಗಳು ಬಂದಾಗಲೆಲ್ಲ ಹಳೆಯ ತಯಾರಿಯ ಬಹುಭಾಗ ವ್ಯರ್ಥವಾಗುತ್ತದೆ. ರಣಜಿ ಋತುವಿನ ಬಗ್ಗೆ ಬರೆಯುವಾಗ ಪಿಚ್, ಹವೆ, ಆಯ್ಕೆಗಾರರ ತೀರ್ಮಾನ, ಅಂಕಪಟ್ಟಿ ಎಲ್ಲವನ್ನೂ ತಮ್ಮ ವರದಿಗಾರರು ಬರೆಯುತ್ತಾರಲ್ಲ, ಅದೇ ಗಾಂಭೀರ್ಯಕ್ಕೆ ಈ ಋತುವೂ ಅರ್ಹ.

ಆದುದರಿಂದ ನನ್ನ ಕೋರಿಕೆ ಎರಡು. ಲೇಖನದಲ್ಲಿ ಬಂದ ಒಂದು ಕೋಟಿ ಡಾಲರ್ 2019ರ ಋತುವಿಗೆ ಸಂಬಂಧಿಸಿದ್ದು, 32 ಆಟಗಾರರ ಸಂಬಳದ ಲೀಗ್ ಈಗ ಅಸ್ತಿತ್ವದಲ್ಲಿಲ್ಲ ಎಂಬ ಸ್ಪಷ್ಟನೆಯನ್ನು ಅದೇ ಪುಟದಲ್ಲಿ ಪ್ರಕಟಿಸಬೇಕು. ಮುಂದೆ ಈ ಟೂರ್ನಿಗಳ ಬಗ್ಗೆ ಬರೆಯುವಾಗ ಮೊದಲ ಬಹುಮಾನದ ಜೊತೆಗೆ, ಎಷ್ಟು ಜನ ಆಡಿದರು, ಅಲ್ಲಿಗೆ ಬರಲು ಯಾವ ಮೆಟ್ಟಿಲು ಹತ್ತಿದರು, ಗೆದ್ದವರ ಹಿಂದಿನ ಋತುಗಳು ಹೇಗಿದ್ದವು, ಹಣ ಯಾರ ಕೈಯಿಂದ ಬರುತ್ತದೆ ಎಂಬುದನ್ನೂ ವರದಿಯಲ್ಲಿ ಸೇರಿಸಬೇಕು. ಈ ವಿವರಗಳನ್ನು ಒದಗಿಸುವಲ್ಲಿ ನನ್ನಿಂದ ನೆರವು ಬೇಕಾದರೆ ಸಂತೋಷದಿಂದ ಮಾಡುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಗಣಿತ ಅಧ್ಯಾಪಕ,
ಶಿವಮೊಗ್ಗ